ಬಣ್ಣ ಬಳಿದರೆ ಎಂಜಿನ್ ಉಳಿಯಲ್ಲ

ನಾನು ದಾವಣಗೆರೆಯಲ್ಲಿ ಬಣ್ಣ ಮಾರಿ ಬದುಕುವವನು. ಹಾರ್ಡ್‌ವೇರೂ ಇದೆ, ಆದರೆ ಗಲ್ಲಾ ತುಂಬಿಸುವುದು ಬಣ್ಣವೇ. ಹಾಗಾಗಿ ಇದನ್ನು ಓದಿ ನಮ್ಮ ಬೀದಿಯ ಮಿಕ್ಕ ಅಂಗಡಿಯವರು ನಗುವುದು ಗ್ಯಾರಂಟಿ. ನಗಲಿ. ಬಯಲಲ್ಲಿ ನಿಂತಿರುವ ಹಳೆ ರೈಲು ಎಂಜಿನ್ನುಗಳನ್ನು ಮಳೆ ಅರ್ಧ ಕೊಂದರೆ, ತುಕ್ಕಿನ ಮೇಲೆ ವರ್ಷ ವರ್ಷ ಬಳಿಯುವ ಬಣ್ಣ ಮಿಕ್ಕರ್ಧ ಕೊಲ್ಲುತ್ತದೆ. ಕೈಯಾರೆ ಕೆರೆದು ನೋಡಿದವನಾಗಿ ಹೇಳುತ್ತಿದ್ದೇನೆ.

ದಾವಣಗೆರೆಗೂ ಚಿಕ್ಕಜಾಜೂರಿಗೂ ನಡುವೆ ಒಂದು ಖಾಸಗಿ ಜಾಗದಲ್ಲಿ ಮೀಟರ್ ಗೇಜಿನ ಒಂದು ಉಗಿ ಎಂಜಿನ್, ಅದರ ಹಿಂದೆ ಒಂದು ಮರದ ಬೋಗಿ ನಿಂತಿವೆ. ಗುಜರಿಗೆ ಹೋಗಬೇಕಾಗಿದ್ದವನ್ನು ಈಗಿನ ಯಜಮಾನರ ತಂದೆ ಹರಾಜಿನಲ್ಲಿ ಕೂಗಿ ತಂದು, ತುಂಡು ಹಳಿ ಹಾಕಿಸಿ ನಿಲ್ಲಿಸಿದ್ದರು. ಊರಿನ ಹೆಸರು ಹೇಳಲ್ಲ. ಯಜಮಾನರೂ ಬೇಡ ಅಂದಿದ್ದಾರೆ. ಹಿತ್ತಾಳೆ ಕಳ್ಳರು ಈಗಾಗಲೇ ಒಂದು ಸುತ್ತು ಬಂದುಹೋಗಿದ್ದಾರೆ. ಸೀಟಿ, ಪ್ರೆಷರ್ ಗೇಜು, ನೀರಿನ ಮಟ್ಟ ತೋರಿಸುವ ಗ್ಲಾಸಿನ ಕಾಕುಗಳು, ಎಣ್ಣೆ ಕಪ್ಪುಗಳ ಮುಚ್ಚಳ, ಯಾವುದೂ ಉಳಿದಿಲ್ಲ. ಇನ್ನೊಂದು ಸುತ್ತಿಗೆ ನಾನೇ ದಾರಿ ತೋರಿಸುವುದು ಬೇಡ.

ನಮ್ಮ ಗುಂಪಿಗೆ ಹೆಸರಿಲ್ಲ, ಬೋರ್ಡಿಲ್ಲ, ರಸೀದಿ ಪುಸ್ತಕ ಅಂತೂ ಇಲ್ಲವೇ ಇಲ್ಲ. ಭಾನುವಾರ ಬೆಳಿಗ್ಗೆ ಬರುವವರು ಬರುತ್ತಾರೆ. ಹರಿಹರದ ಮಷಿನ್ ಟೂಲ್ ಕಾರ್ಖಾನೆಯಲ್ಲಿ ಜೀವಮಾನ ಕಳೆದ ಒಬ್ಬ ಟರ್ನರ್ ಇದ್ದಾರೆ, ನಾವು ಅವರನ್ನು ಮೇಷ್ಟ್ರು ಅಂತೀವಿ. ದಾವಣಗೆರೆಯ ಹತ್ತಿ ಮಿಲ್ಲೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಒಬ್ಬ ಅಜ್ಜ ಇದ್ದಾರೆ. ಚಿಕ್ಕಜಾಜೂರು ಕಡೆಯ ಒಬ್ಬರು ಹರೆಯದಲ್ಲಿ ಫೈರ್‌ಮನ್ ಆಗಿ ಇಂಥ ಎಂಜಿನ್ನುಗಳಲ್ಲೇ ಕಲ್ಲಿದ್ದಲು ಎತ್ತಿ ಹಾಕಿದವರು. ಮತ್ತೆ ಪಾಲಿಟೆಕ್ನಿಕ್ ಓದುವ ನಾಲ್ಕಾರು ಹುಡುಗರು. ಆಮೇಲೆ ನಾನು. ಬಣ್ಣ ಪುಕ್ಕಟೆ ಸಿಗುತ್ತದೆ ಅಂತ ನನ್ನನ್ನು ಕರೆದಿದ್ದರು ಅನ್ನುವುದು ಆಮೇಲೆ ಗೊತ್ತಾಯಿತು.

ಎಂಜಿನ್ ವೈಪಿ ಜಾತಿಯದು. ಮೀಟರ್ ಗೇಜಿನ ಪ್ಯಾಸೆಂಜರ್ ಗಾಡಿಗಳಿಗೆ ಅಂತಲೇ ಮಾಡಿದ ಡಿಸೈನು. ಮುಂದೆ ನಾಲ್ಕು ಸಣ್ಣ ಚಕ್ರ, ನಡುವೆ ಗಾಡಿ ಎಳೆಯುವ ಆರು ದೊಡ್ಡ ಚಕ್ರ, ಹಿಂದೆ ಎರಡು. ದೊಡ್ಡ ಚಕ್ರಗಳ ಅಡ್ಡಳತೆ ನಾಲ್ಕೂವರೆ ಅಡಿ. 1949ರಲ್ಲಿ ಅಮೆರಿಕದ ಬಾಲ್ಡ್‌ವಿನ್ ಕಂಪನಿ ಮೊದಲ ಕೆಲವನ್ನು ಕಟ್ಟಿಕೊಟ್ಟಿತು. ಆಮೇಲೆ ಬ್ರಿಟನ್‌ನವರು, ಜರ್ಮನಿಯವರು ಮಾಡಿದರು. ಕೊನೆಗೆ ಜಮ್‌ಷೆಡ್‌ಪುರದಲ್ಲಿ ಟೆಲ್ಕೊದವರೇ, ಅಂದರೆ ಈಗಿನ ಟಾಟಾ ಮೋಟರ್ಸ್‌ನವರೇ, ಸಾಲುಸಾಲಾಗಿ ಕಟ್ಟಿದರು. ಒಟ್ಟು 871. ಈಗ ರಸ್ತೆ ತುಂಬ ಓಡಾಡುವ ಲಾರಿಗಳ ಕಂಪನಿ ಶುರುವಾದದ್ದು ರೈಲು ಎಂಜಿನ್ ಮಾಡುವುದಕ್ಕೆ ಅಂತ ಹೇಳಿದರೆ ಹುಡುಗರು ನಂಬಲ್ಲ. ಗೂಡ್ಸ್ ಗಾಡಿಗೆ ವೈಜಿ ಅಂತ ಇನ್ನೊಂದು ಇತ್ತು. ಅದರ ಚಕ್ರ ಸಣ್ಣದು, ನಾಲ್ಕಡಿ. ಸಣ್ಣ ಚಕ್ರ ಅಂದರೆ ಓಟ ಕಮ್ಮಿ, ಎಳೆತ ಜಾಸ್ತಿ.

ನಮ್ಮ ಕಡೆಗೆ ರೈಲು ಬಂದದ್ದು 1889ರಲ್ಲಿ, ಗುಬ್ಬಿಯಿಂದ ಹರಿಹರದವರೆಗೆ ಹಳಿ ಮುಟ್ಟಿದಾಗ. ಸದರ್ನ್ ಮರಾಠಾ ರೈಲ್ವೆಯ ಕಾಲ. ಮುಂದೆ ನೂರು ವರ್ಷಕ್ಕೂ ಜಾಸ್ತಿ ಇಲ್ಲಿ ಮೀಟರ್ ಗೇಜೇ. ತೊಂಬತ್ತರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು, ಹಳಿ ಹಳಿಯ ನಡುವಿನ ಅಂತರ 1000 ಮಿಲಿಮೀಟರ್ ಇದ್ದದ್ದು 1676ಕ್ಕೆ ಹೋಯಿತು, ಅಲ್ಲಿಗೆ ಹಳೆಯ ಎಂಜಿನ್, ಬೋಗಿ ಎಲ್ಲಾ ಗುಜರಿ. ನಾನು ಚಿಕ್ಕವನಿದ್ದಾಗ ಮಾಯಕೊಂಡದ ಮಾವನ ಮನೆಗೆ ಹೋಗುತ್ತಿದ್ದದ್ದು ಆ ಗಾಡಿಯಲ್ಲೇ. ಕಿಟಕಿ ಪಕ್ಕ ಕೂತರೆ ಕಣ್ಣಿಗೆ ಕಿಡಿ ಬೀಳುತ್ತದೆ ಅಂತ ಅಮ್ಮ ಬೈಯುತ್ತಿದ್ದಳು. ಅಷ್ಟೇ ನೆನಪು. ಈ ಕೆಲಸಕ್ಕೆ ಬಿದ್ದದ್ದು ನೆನಪಿಗಾಗಿ ಅಲ್ಲ, ಹೋಗಿ ನೋಡಿದಾಗ ಹೊಟ್ಟೆ ಉರಿಯಿತು, ಅದಕ್ಕೆ.

ದೂರದಿಂದ ಎಂಜಿನ್ ಚೆನ್ನಾಗಿಯೇ ಕಾಣುತ್ತಿತ್ತು. ಕರಿ ಬಣ್ಣ ಮಿರಮಿರ ಮಿಂಚುತ್ತಿತ್ತು. ಚಕ್ರದ ಅಂಚಿಗೆ ಬಿಳಿ, ಮುಂದಿನ ಬಂಪರಿಗೆ ಕೆಂಪು, ಕನೆಕ್ಟಿಂಗ್ ರಾಡಿಗೆ ಬೆಳ್ಳಿ ಬಣ್ಣ. ಮೇಷ್ಟ್ರು ಜೇಬಿಂದ ಸಣ್ಣ ಸುತ್ತಿಗೆ ತೆಗೆದು ಅಲ್ಲಲ್ಲಿ ತಟ್ಟುತ್ತಾ ಹೋದರು. ಗಟ್ಟಿ ಇರುವ ಕಡೆ ಟಣ್ ಅನ್ನುತ್ತದೆ. ಒಳಗೆ ತುಕ್ಕು ತಿಂದಿದ್ದರೆ ಸದ್ದೇ ಸತ್ತಿರುತ್ತದೆ. ಡ್ರೈವರ್ ನಿಲ್ಲುವ ಕ್ಯಾಬಿನ ಕೆಳಗಿನ ತಗಡಿಗೆ ಬಂದಾಗ ಸುತ್ತಿಗೆ ಸೀದಾ ಒಳಗೆ ಹೋಯಿತು. ಅಲ್ಲಿ ಕಬ್ಬಿಣವೇ ಇರಲಿಲ್ಲ. ಬಣ್ಣವೇ ಬಣ್ಣವನ್ನು ಹಿಡಿದುಕೊಂಡು ನಿಂತಿತ್ತು.

ಹೀಗೆ ಯಾಕೆ ಆಗುತ್ತದೆ ಅಂತ ಬಣ್ಣ ಮಾರುವವನಾಗಿ ನಾನು ಹೇಳಬೇಕು. ತುಕ್ಕು ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಗ ತಿನ್ನುತ್ತದೆ. ಎರಡು ತಗಡು ಸೇರಿಸಿ ರಿವೆಟ್ ಹೊಡೆದ ಸಂದಿಯಲ್ಲಿ ನೀರು ಸೇರಿದರೆ, ಅಲ್ಲಿ ತುಕ್ಕು ಬೆಳೆದು ತಗಡುಗಳನ್ನೇ ದೂರ ತಳ್ಳುತ್ತದೆ, ರಿವೆಟ್ಟಿನ ತಲೆ ಹಾರಿಹೋಗುತ್ತದೆ. ಹೊರಗಿಂದ ದಪ್ಪಗೆ ಎನಾಮೆಲ್ ಬಳಿದುಬಿಟ್ಟರೆ ಒಳಗೆ ಹೋದ ನೀರಿಗೆ ಆರುವ ದಾರಿಯೂ ಇಲ್ಲ. ಮೇಲೆ ಹೊಳಪು, ಕೆಳಗೆ ಕೊಳೆತ. ಎಲ್ಲಾ ಕಡೆ ಇದೇ ಕಥೆ. ಯಾರೋ ದೊಡ್ಡವರು ಬರುತ್ತಾರೆ ಅಂದರೆ ಹಿಂದಿನ ದಿನ ನಾಲ್ಕು ಡಬ್ಬಿ ಬಣ್ಣ ಬರುತ್ತದೆ, ಧೂಳನ್ನೂ ಒರೆಸದೆ ಬಳಿಯುತ್ತಾರೆ, ಫೋಟೋ ಆಗುತ್ತದೆ, ಮುಗೀತು. ನಾನೇ ಅಂಥ ಡಬ್ಬಿಗಳನ್ನು ಎಷ್ಟು ಮಾರಿಲ್ಲ.

ಮೊದಲ ಕೆಲಸ ಅಂತ ನಾವು ಮುಟ್ಟಿದ್ದು ಸ್ಮೋಕ್‌ಬಾಕ್ಸ್. ಎಂಜಿನ್ನಿನ ಮೂತಿಯಲ್ಲಿ ದುಂಡನೆ ಬಾಗಿಲು ಇರುತ್ತದಲ್ಲ, ಅದರ ಹಿಂದಿನ ಕೋಣೆ. ಬೆಂಕಿಯ ಹೊಗೆ ಕೊಳವೆಗಳನ್ನು ಹಾದು ಇಲ್ಲಿಗೆ ಬಂದು, ಚಿಮಣಿಯಿಂದ ಮೇಲೆ ಹೋಗುತ್ತದೆ. ಬಾಗಿಲು ಬಿಚ್ಚುವುದಕ್ಕೇ ದೊಡ್ಡ ಗುದ್ದಾಟ ಆಯಿತು, ಕೀಲುಗಳೆಲ್ಲ ಬಣ್ಣದಲ್ಲಿ ಹೂತುಹೋಗಿದ್ದವು. ಒಳಗೆ ಕಡಜದ ಗೂಡು, ಹಳೆ ಬೂದಿ, ಬೂದಿಯ ಮೇಲೆ ಮಳೆ ನೀರು. ಚಿಮಣಿಗೆ ಮುಚ್ಚಳವೇ ಇರಲಿಲ್ಲ. ಅಷ್ಟು ವರ್ಷಗಳ ಮಳೆ ಸೀದಾ ಒಳಗೆ ಬಿದ್ದಿದೆ. ಕಲ್ಲಿದ್ದಲಿನ ಬೂದಿಯಲ್ಲಿ ಗಂಧಕದ ಅಂಶ ಇರುತ್ತದೆ, ನೀರು ಸೇರಿದರೆ ಆಮ್ಲ ಆಗುತ್ತದೆ. ಆ ಕೆಸರನ್ನು ಮೊರಂ ಬುಟ್ಟಿಯಲ್ಲಿ ಹೊತ್ತು ಹೊರಗೆ ಹಾಕಿದಾಗ ತಳದ ತಗಡು ಹಪ್ಪಳದ ಹಾಗೆ ಪದರ ಪದರವಾಗಿ ಎದ್ದು ಬಂತು. ಮಿಲ್ಲಿನ ಅಜ್ಜ ಮೂಗಿಗೆ ಟವಲ್ ಕಟ್ಟಿಕೊಂಡು ಒಳಗೆ ಬಗ್ಗಿ ನೋಡಿ, 'ಬೂದಿ ತೆಗೆಯದೆ ಮನೆಗೆ ಕಳಿಸಿದಾರೆ, ನಮ್ಮ ಮಿಲ್ಲಲ್ಲಾಗಿದ್ರೆ ಆವತ್ತೇ ನನ್ನ ಕೆಲಸ ಹೋಗ್ತಿತ್ತು' ಅಂದರು.

ಅವತ್ತೇ ಚಿಮಣಿಗೆ ತಗಡಿನ ಮುಚ್ಚಳ ಮಾಡಿಸಿ ಹಾಕಿದೆವು. ಗಾಳಿ ಆಡಲಿ ಅಂತ ಸುತ್ತ ಒಂದಿಷ್ಟು ಸಂದಿ ಬಿಟ್ಟು, ಹಕ್ಕಿ ಹೋಗದಂತೆ ಜಾಲರಿ ಕಟ್ಟಿದೆವು. ಸ್ಮೋಕ್‌ಬಾಕ್ಸಿನ ತಳಕ್ಕೆ ನೀರು ಇಳಿದು ಹೋಗುವಂತೆ ತೂತು ಮಾಡಿದೆವು. ಈ ಇಡೀ ಕೆಲಸದಲ್ಲಿ ಇದರಷ್ಟು ಅಗ್ಗದ್ದು, ಇದರಷ್ಟು ಉಪಯೋಗದ್ದು ಇನ್ನೊಂದಿಲ್ಲ. ನಿಮ್ಮೂರಲ್ಲಿ ಶಾಲೆ ಮುಂದೆಯೋ ಪಾರ್ಕಲ್ಲೋ ಉಗಿ ಎಂಜಿನ್ ನಿಂತಿದ್ದರೆ ಮೊದಲು ಅದರ ಚಿಮಣಿ ನೋಡಿ. ಮುಚ್ಚಳ ಇಲ್ಲದಿದ್ದರೆ ಬಣ್ಣದ ಮಾತೇ ಎತ್ತಬೇಡಿ.

ಟೆಂಡರಿನ, ಅಂದರೆ ಎಂಜಿನ್ನಿನ ಹಿಂದೆ ನೀರು, ಕಲ್ಲಿದ್ದಲು ಹೊರುವ ಗಾಡಿಯ ಕಥೆಯೂ ಇದೇ. ನೀರಿನ ತೊಟ್ಟಿಯ ತಳ ಪೂರ್ತಿ ಹೋಗಿತ್ತು. ಕಲ್ಲಿದ್ದಲು ತುಂಬುವ ಜಾಗದಲ್ಲಿ ಎಲೆ ಕೊಳೆತು ಗೊಬ್ಬರವಾಗಿ, ಒಂದು ಅರಳಿ ಗಿಡ ಬೇರು ಬಿಟ್ಟಿತ್ತು. ಗಿಡ ಕಿತ್ತೆವು, ಕೆಲವು ಕಡೆ ಹೊಸ ತಗಡು ಹಾಕಿ ಬೆಸೆದೆವು, ಒಳಗೆ ಟಾರಿನ ಬಣ್ಣ ಹೊಡೆದೆವು.

ಇನ್ನು ಬಾಯ್ಲರ್. ಬಾಯ್ಲರಿನ ಸುತ್ತ ಕಾಣುವ ತೆಳು ತಗಡು ಬಾಯ್ಲರ್ ಅಲ್ಲ, ಅದರ ಮೇಲಂಗಿ. ಎರಡರ ನಡುವೆ ಶಾಖ ಹಿಡಿದಿಡಲು ದಪ್ಪನೆಯ ಪದರ ಇರುತ್ತದೆ, ಹಳೆ ಎಂಜಿನ್ನುಗಳಲ್ಲಿ ಅದು ಆಸ್‌ಬೆಸ್ಟಾಸ್ ಆಗಿರುವುದೇ ಜಾಸ್ತಿ. ಹುಡುಗರು ಉತ್ಸಾಹದಲ್ಲಿ ತಗಡು ಕಿತ್ತು ನೋಡೋಣ ಅಂದರು. ಮೇಷ್ಟ್ರು ಒಪ್ಪಲೇ ಇಲ್ಲ. ಅದರ ಎಳೆಗಳು ಉಸಿರಿನಲ್ಲಿ ಹೋದರೆ ಶ್ವಾಸಕೋಶದಲ್ಲಿ ಕೂತುಬಿಡುತ್ತವೆ, ಕಾಯಿಲೆ ಹತ್ತಿಪ್ಪತ್ತು ವರ್ಷ ಬಿಟ್ಟು ಕಾಣಿಸುತ್ತದೆ. ಹಾಗಾಗಿ ಅದನ್ನು ಮುಟ್ಟಲಿಲ್ಲ. ತಗಡು ಹರಿದ ಕಡೆಗಳಲ್ಲಿ ನೀರು ಸಿಂಪಡಿಸಿ ಒದ್ದೆ ಮಾಡಿ, ಮೇಲೆ ಇನ್ನೊಂದು ತಗಡು ಮುಚ್ಚಿ ಸೀಲ್ ಮಾಡಿದೆವು. ತೆಗೆಯುವುದಿದ್ದರೆ ಅದಕ್ಕೆ ಅಂತಲೇ ಇರುವ ಪರಿಣತರು ಬರಬೇಕು. ಯೂಟ್ಯೂಬ್ ನೋಡಿ ಗ್ರೈಂಡರ್ ಹಿಡಿದು ಹೊರಡುವವರಿಗೆ ಈ ಒಂದು ಮಾತು ಗಟ್ಟಿಯಾಗಿ ಹೇಳಬೇಕು.

ಬಣ್ಣ ಕೆರೆಯುವ ಕೆಲಸ ಮಾತ್ರ ನನಗೆ ಬಲು ಇಷ್ಟವಾಯಿತು. ಬೇಸರದ ಕೆಲಸ ಅಂತ ಎಲ್ಲರೂ ನನ್ನ ತಲೆಗೆ ಕಟ್ಟಿದರು, ಅವರಿಗೆ ರುಚಿ ಗೊತ್ತಿಲ್ಲ. ಒಬ್ಬ ಕಂಟ್ರಾಕ್ಟರ್ ಬಂದು ಮರಳು ಹೊಡೆಸಿದರೆ ಒಂದೇ ದಿನದಲ್ಲಿ ಫಳಫಳ ಅಂದ. ಬೇಡ ಅಂದೆವು. ಒಂದು, ಮರಳಿನ ಧೂಳು ಎದೆಗೆ ಕೆಟ್ಟದ್ದು. ಇನ್ನೊಂದು, ಮರಳು ಹೊಡೆದರೆ ಬಣ್ಣದ ಜೊತೆ ಎಲ್ಲವೂ ಹೋಗುತ್ತದೆ, ಲೋಹದ ಮೇಲಿನ ಬರಹವೂ. ನಾವು ಪೇಂಟ್ ರಿಮೂವರ್ ಹಚ್ಚಿ, ಕೆರೆಯುವ ಪಟ್ಟಿಯಿಂದ, ವೈರ್ ಬ್ರಷ್ಷಿನಿಂದ ಸ್ವಲ್ಪ ಸ್ವಲ್ಪವೇ ತೆಗೆದೆವು.

ಎಡಗಡೆಯ ಕನೆಕ್ಟಿಂಗ್ ರಾಡ್ ನನ್ನ ಪಾಲಿಗೆ ಬಂತು. ಪಿಸ್ಟನ್ನಿನ ಬಲವನ್ನು ಚಕ್ರಕ್ಕೆ ಕೊಡುವ ಉದ್ದನೆ ಕಬ್ಬಿಣ. ಮೇಲೆ ಬೆಳ್ಳಿ ಬಣ್ಣ, ಅದರ ಕೆಳಗೆ ಇನ್ನೊಂದು ಬೆಳ್ಳಿ, ಅದರ ಕೆಳಗೆ ಯಾರೋ ಪುಣ್ಯಾತ್ಮ ಬಳಿದ ನೀಲಿ, ಅದರಡಿ ಗಟ್ಟಿಯಾದ ಹಳೇ ಗ್ರೀಸ್. ಗ್ರೀಸನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಬಟ್ಟೆಯಿಂದ ಒರೆಸಿದಾಗ ಕೆಳಗೆ ಬರೀ ಕಬ್ಬಿಣ, ಒಂದು ಚೂರೂ ತುಕ್ಕಿಲ್ಲ. ಓಡುತ್ತಿದ್ದ ಕಾಲದ ಗ್ರೀಸು ಇಷ್ಟು ವರ್ಷ ಅದನ್ನು ಕಾಪಾಡಿತ್ತು. ರಾಡಿನ ದಪ್ಪ ತುದಿಯಲ್ಲಿ ಬೆರಳು ಆಡಿಸಿದರೆ ಏನೋ ತಗ್ಗು ಸಿಕ್ಕಿತು. ಟಾರ್ಚ್ ಅಡ್ಡ ಹಿಡಿದು ನೋಡಿದರೆ ಅಂಕಿಗಳು. ಪಂಚು ಇಟ್ಟು ಸುತ್ತಿಗೆಯಿಂದ ಹೊಡೆದದ್ದು, ಒಂದು ಅಂಕಿ ಸ್ವಲ್ಪ ಓರೆಯಾಗಿ ಬಿದ್ದಿದೆ. ಕ್ಯಾಬಿನ ಮೇಲಿರುವ ನಂಬರಿಗೂ ಇದಕ್ಕೂ ತಾಳೆಯೇ ಇಲ್ಲ. ಬಲಗಡೆ ರಾಡಿನಲ್ಲಿ ಇನ್ನೂ ಬೇರೆ ನಂಬರು!

ಹುಡುಗರು ನಮಗೆ ಯಾರೋ ನಕಲಿ ಮಾಲು ಮಾರಿದ್ದಾರೆ ಅನ್ನುವಷ್ಟು ಗಲಾಟೆ ಮಾಡಿದರು. ಮೇಷ್ಟ್ರಿಗೆ ನಗು. ವರ್ಕ್‌ಶಾಪಿನಲ್ಲಿ ಒಟ್ಟಿಗೆ ಹಲವು ಎಂಜಿನ್ ಬಿಚ್ಚಿ ಹಾಕಿರುತ್ತಾರೆ, ಯಾವುದರ ರಾಡ್ ಮೊದಲು ರಿಪೇರಿಯಾಗಿ ಬಂತೋ ಅದು ಮೊದಲು ಹೊರಡುವ ಎಂಜಿನ್ನಿಗೆ. ಹಾಗೆ ಅದಲು ಬದಲು ಆಗುತ್ತದೆ ಅಂತಲೇ ಒಂದೊಂದು ಭಾಗಕ್ಕೂ ನಂಬರ್ ಹೊಡೆಯುತ್ತಿದ್ದದ್ದು. ಅಂದರೆ ನಮ್ಮ ಮುಂದೆ ನಿಂತಿರುವ ಒಂದು ಎಂಜಿನ್ನಿನಲ್ಲಿ ಕಡೇಪಕ್ಷ ಮೂರು ಎಂಜಿನ್ನುಗಳು ಸೇರಿವೆ. ಮಿಕ್ಕೆರಡು ಯಾವತ್ತೋ ಕರಗಿ ಕಂಬಿಯಾಗಿರಬೇಕು. ಮರಳು ಹೊಡೆಸಿದ್ದರೆ ಇದು ಯಾವುದೂ ಗೊತ್ತಾಗುತ್ತಿರಲಿಲ್ಲ ಅಲ್ವಾ? ನಂಬರುಗಳನ್ನು ಬರೆದುಕೊಂಡೆವು, ಸೀಮೆಸುಣ್ಣ ಉಜ್ಜಿ ಫೋಟೋ ತೆಗೆದೆವು. ರಾಡುಗಳಿಗೆ ಬಣ್ಣ ಹೊಡೆಯಲೇ ಇಲ್ಲ. ತೆಳ್ಳಗೆ ಗ್ರೀಸ್ ಸವರಿ ಬಿಟ್ಟಿದ್ದೇವೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಒರೆಸಿ ಮತ್ತೆ ಸವರಬೇಕು.

ತಗಡುಗಳ ಮೇಲೆ ಕೆರೆದರೂ ಹೋಗದ ತುಕ್ಕಿಗೆ ಟ್ಯಾನಿಕ್ ಆಮ್ಲ ಇರುವ ದ್ರಾವಣ ಹಚ್ಚಿದೆವು. ಕೆಂಪು ತುಕ್ಕು ನೋಡುನೋಡುತ್ತಲೇ ಕರ್ರಗಾಗುತ್ತದೆ, ಆ ಕರಿ ಪದರ ಬಣ್ಣಕ್ಕೆ ಒಳ್ಳೆ ಹಿಡಿತ ಕೊಡುತ್ತದೆ. ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಹಿಂದಿನವರು ಶಾಯಿ ಮಾಡುತ್ತಿದ್ದರಲ್ಲ, ಅಲ್ಲಿ ನಡೆಯುವುದೂ ಇದೇ. ಅದರ ಮೇಲೆ ಜಿಂಕ್ ಫಾಸ್ಫೇಟ್ ಪ್ರೈಮರ್, ಪೂರ್ತಿ ಒಣಗಿದ ಮೇಲೆ ತೆಳುವಾದ ಎರಡು ಕೋಟು ಕರಿ ಬಣ್ಣ. ನೋಡಿ, ಬಣ್ಣ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ, ನನ್ನ ಅಂಗಡಿಯೂ ನಡೆಯಬೇಕು. ಎಲ್ಲಾ ಆದ ಮೇಲೆ ಕೊನೆಗೆ ಬರಬೇಕಾದ್ದು ಮೊದಲು ಬಂದರೆ ಕಷ್ಟ.

ಈಗ ಎಲ್ಲರೂ ಕೇಳುವ ಪ್ರಶ್ನೆ: ಓಡುತ್ತಾ? ಬರುವವರೆಲ್ಲ ಕೇಳುವುದು ಅದೊಂದೇ. ಇಲ್ಲ, ಓಡಲ್ಲ. ಓಡಿಸುವ ಯೋಚನೆಯೂ ಇಲ್ಲ. ಮಿಲ್ಲಿನ ಅಜ್ಜ ಇದನ್ನು ಹುಡುಗರಿಗೆ ಬಿಡಿಸಿ ಹೇಳಿದ ರೀತಿ ನನಗೆ ಹಿಡಿಸಿತು. ಈ ಎಂಜಿನ್ನಿನ ಬಾಯ್ಲರ್ ಚದರ ಇಂಚಿಗೆ 210 ಪೌಂಡ್ ಒತ್ತಡದಲ್ಲಿ ಕೆಲಸ ಮಾಡುತ್ತಿತ್ತು. ಅಷ್ಟು ಒತ್ತಡದಲ್ಲಿರುವ ನೀರು ಬರೀ ಬಿಸಿನೀರಲ್ಲ. ತಗಡು ಬಿರಿದರೆ ಅದರಲ್ಲಿ ಒಂದು ಭಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಆವಿಯಾಗುತ್ತದೆ, ಆವಿಗೆ ನೀರಿಗಿಂತ ಸುಮಾರು ಸಾವಿರದ ಆರುನೂರು ಪಟ್ಟು ಜಾಗ ಬೇಕು, ಆ ಜಾಗ ಅದು ಬಾಯ್ಲರನ್ನು ಸೀಳಿ, ಎದುರಿಗಿದ್ದವರನ್ನು ಸೀಳಿ ಮಾಡಿಕೊಳ್ಳುತ್ತದೆ. ಅದಕ್ಕೇ ಬಾಯ್ಲರ್ ಪರೀಕ್ಷೆಯನ್ನು ತಣ್ಣೀರು ತುಂಬಿ ಪಂಪಿನಿಂದ ಒತ್ತಿ ಮಾಡುವುದು. ತಣ್ಣೀರು ಹಿಗ್ಗಲ್ಲ, ಸೋರಿದರೆ ಸೋರುತ್ತದೆ ಅಷ್ಟೇ. 'ಇನ್ಸ್‌ಪೆಕ್ಟರ್ ಸಹಿ ಬೀಳೋ ತನಕ ನಾನು ಬಾಯ್ಲರ್ ಹತ್ರ ಬೀಡಿನೂ ಹಚ್ತಿರ್ಲಿಲ್ಲ' ಅಂದರು ಅಜ್ಜ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಒಬ್ಬ ಹುಡುಗ ಕಾಲೇಜಿನಿಂದ ಅಲ್ಟ್ರಾಸೌಂಡಿನಲ್ಲಿ ತಗಡಿನ ದಪ್ಪ ಅಳೆಯುವ ಉಪಕರಣ ತಂದಿದ್ದ. ಒಂದೇ ತಗಡಿನಲ್ಲಿ ಗೇಣು ದೂರಕ್ಕೆ ದಪ್ಪ ಬೇರೆ ಬೇರೆ ತೋರಿಸಿತು. ಕೆಳಭಾಗ ತೀರಾ ತೆಳು. ನಮ್ಮ ಸೀಮೆಯ ಬೋರ್‌ವೆಲ್ ನೀರು ಎಷ್ಟು ಗಡಸು ಅನ್ನುವುದು ಮನೆಯ ಗೀಸರ್ ಬಿಚ್ಚಿಸಿದವರಿಗೆಲ್ಲ ಗೊತ್ತು. ಬಾಯ್ಲರಿನ ಒಳಗೂ ಹಾಗೇ ಸುಣ್ಣ ಕಟ್ಟುತ್ತದೆ, ಶಾಖ ನೀರಿಗೆ ಹೋಗದೆ ತಗಡಲ್ಲೇ ಉಳಿಯುತ್ತದೆ, ತಗಡು ಸುಡುತ್ತದೆ. ಅದಕ್ಕೇ ಷೆಡ್ಡುಗಳಲ್ಲಿ ಆಗಾಗ ಬೆಂಕಿ ಆರಿಸಿ, ಬಾಯ್ಲರ್ ತಣಿಸಿ, ತೂಬುಗಳನ್ನು ಬಿಚ್ಚಿ ಒಳಗೆಲ್ಲ ನೀರು ಹೊಡೆದು ತೊಳೆಯುತ್ತಿದ್ದರು.

ಓಡುವ ಎಂಜಿನ್ ಹೇಗಿರುತ್ತದೆ ನೋಡಬೇಕು ಅಂತ ನಾವು ಕೂನೂರಿಗೆ ಹೋಗಿಬಂದೆವು. ನೀಲಗಿರಿ ಬೆಟ್ಟದ ರೈಲು 1899ರಲ್ಲಿ ಮೇಟ್ಟುಪಾಳ್ಯದಿಂದ ಕೂನೂರಿಗೆ, 1908ರಲ್ಲಿ ಊಟಿಗೆ ಮುಟ್ಟಿದ್ದು. 2005ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಅಲ್ಲಿಯ ಎಕ್ಸ್ ಕ್ಲಾಸ್ ಎಂಜಿನ್ನಿಗೆ ನಾಲ್ಕು ಸಿಲಿಂಡರ್. ಎರಡು ಚಕ್ರ ತಿರುಗಿಸಲು, ಇನ್ನೆರಡು ಹಳಿಯ ನಡುವಿನ ಹಲ್ಲಿನ ಪಟ್ಟಿಗೆ ಕಚ್ಚಿಕೊಂಡು ಹತ್ತುವ ಗಾಲಿಗೆ. ಹನ್ನೆರಡು ಅಡಿ ಮುಂದೆ ಹೋದರೆ ಒಂದಡಿ ಮೇಲೆ ಹೋಗುವಷ್ಟು ಕಡಿದಾದ ಏರು. ಹಳೆಯವು ಸವೆದ ಮೇಲೆ ತಿರುಚ್ಚಿಯ ಪೊನ್ಮಲೈ ವರ್ಕ್‌ಶಾಪಿನಲ್ಲಿ ಅದೇ ಡಿಸೈನಿನ ಹೊಸ ಎಂಜಿನ್ನುಗಳನ್ನೇ ಕಟ್ಟಿದ್ದಾರೆ. ನೋಡಿ ಖುಷಿಯಾಯಿತು. ಬರುವಾಗ ಬಸ್ಸಿನಲ್ಲಿ ಜಗಳವೂ ಆಯಿತು. ಓಡಬೇಕು ಅಂದರೆ ಕೊಳವೆ ಬದಲಿಸಬೇಕು, ತಗಡು ಬದಲಿಸಬೇಕು, ಸ್ವಲ್ಪ ಸ್ವಲ್ಪವಾಗಿ ಎಲ್ಲಾ ಹೊಸದಾಗುತ್ತಾ ಹೋಗುತ್ತದೆ. ಅಲ್ಲಿ ಉಳಿಯುವುದು ಓಡಿಸುವ ವಿದ್ಯೆ, ಕೈಕಸುಬು. ನಮ್ಮದರಲ್ಲಿ ಉಳಿಯುವುದು ವಸ್ತು, ಓರೆಯಾಗಿ ಬಿದ್ದ ಆ ಅಂಕಿ ಸಮೇತ. ಯಾವುದು ದೊಡ್ಡದು ಅಂತ ಹುಡುಗರು ಸತ್ಯಮಂಗಲದವರೆಗೂ ಬಡಿದಾಡಿದರು. ಎರಡೂ ಬೇಕು ಅನ್ನುವುದು ನನ್ನ ಲೆಕ್ಕ, ಆದರೆ ಎರಡನ್ನೂ ಒಂದೇ ಎಂಜಿನ್ನಿನಲ್ಲಿ ಮಾಡಲು ಹೋಗಬಾರದು.

ಫೈರ್‌ಮನ್ ಯಜಮಾನರು ಆ ಜಗಳಕ್ಕೆ ಬರಲಿಲ್ಲ, ಕಿಟಕಿ ಪಕ್ಕ ಕೂತು ನಿದ್ದೆ ಹೊಡೆದರು. ಆದರೆ ಕ್ಯಾಬಿಗೆ ಹತ್ತಿಸಿದರೆ ಅವರೇ ಬೇರೆ. ಸಲಿಕೆ ಇಲ್ಲದ ಕೈಯಲ್ಲೇ ತೋರಿಸುತ್ತಾರೆ: ಒಂದೇ ಸಲ ರಾಶಿ ಕಲ್ಲಿದ್ದಲು ಹಾಕಬಾರದು, ಸ್ವಲ್ಪ ಸ್ವಲ್ಪ, ಮೂಲೆ ಮೂಲೆಗೆ ಚೆಲ್ಲಬೇಕು. ಚಿಮಣಿಯಲ್ಲಿ ಕರ್ರನೆ ಹೊಗೆ ಬಂದರೆ ಜನ ವಾಹ್ ಅಂತಾರೆ, ಡ್ರೈವರ್ ಮಾತ್ರ ಬೈಯುತ್ತಾನೆ, ಯಾಕಂದರೆ ಅದು ಉರಿಯದೇ ಹೋದ ಕಲ್ಲಿದ್ದಲು. ಅಜ್ಜಂಪುರ ದಾಟಿ ಬೀರೂರು ಕಡೆ ಹೊರಟಾಗ ಕಣ್ಣು ಒಂದು ಬೆಂಕಿ ಮೇಲೆ, ಒಂದು ನೀರಿನ ಗ್ಲಾಸಿನ ಮೇಲೆ. ನೀರು ಇಳಿದು ಫೈರ್‌ಬಾಕ್ಸಿನ, ಅಂದರೆ ಬೆಂಕಿ ಉರಿಯುವ ಪೆಟ್ಟಿಗೆಯ ನೆತ್ತಿ ಬರಿದಾದರೆ ಅಲ್ಲಿರುವ ಲೆಡ್ ಪ್ಲಗ್ ಕರಗಿ ಆವಿ ಬೆಂಕಿಯ ಮೇಲೆ ನುಗ್ಗುತ್ತದೆ. ಪ್ರಾಣ ಉಳಿಯುತ್ತದೆ, ಆದರೆ ಪ್ಲಗ್ ಕರಗಿಸಿದ ಸಿಬ್ಬಂದಿಗೆ ಮೇಲಿನವರ ಮುಂದೆ ನಿಲ್ಲುವ ಗತಿ. ಅವರು ಹೇಳುವುದನ್ನೆಲ್ಲ ಹುಡುಗರು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದಾರೆ. ಎಂಜಿನ್ ಜೊತೆ ಇದನ್ನೂ ಉಳಿಸಬೇಕು ಅಂತ ಅವರಿಗೇ ಹೊಳೆದದ್ದು, ನಾನು ಹೇಳಿಕೊಟ್ಟದ್ದಲ್ಲ.

ಬೋಗಿಗೆ ಬರೋಣ. ಕಬ್ಬಿಣದ ಚೌಕಟ್ಟಿನ ಮೇಲೆ ಸಾಗುವಾನಿಯ ಮೈ. ಮರದ ಬೋಗಿ ಹಾಳಾಗುವುದು ಯಾವಾಗಲೂ ಮೇಲಿನಿಂದ. ಚಾವಣಿ ಅಂದರೆ ಮರದ ಹಲಗೆ, ಅದರ ಮೇಲೆ ಬಿಳಿ ಸೀಸದ ಲೇಪ ಹಚ್ಚಿ ಬಿಗಿಯಾಗಿ ಎಳೆದು ಕೂರಿಸಿದ ದಪ್ಪ ಕ್ಯಾನ್ವಾಸ್, ಮೇಲೆ ಬಣ್ಣ. ಕ್ಯಾನ್ವಾಸ್ ಒಂದು ಕಡೆ ಹರಿದರೂ ಸಾಕು, ನೀರು ಗೋಡೆಯೊಳಗೆ ಇಳಿದು ಕಂಬಗಳ ಬುಡದಲ್ಲಿ ನಿಲ್ಲುತ್ತದೆ. ಕಿಟಕಿಯ ಬಾಗಿಲು ಕೆಳಗೆ ಇಳಿಯುವ ಗೂಡಿನಲ್ಲೂ ಅಷ್ಟೇ. ಗೂಡಿನ ತಳದಲ್ಲಿ ನೀರು ಹೋಗಲು ತೂತು ಬಿಟ್ಟಿರುತ್ತಾರೆ, ಅದು ಕಸ ಕಟ್ಟಿ ಮುಚ್ಚಿದರೆ ಮರ ಕೊಳೆಯಿತು ಅಂತಲೇ ಲೆಕ್ಕ. ನಮ್ಮ ಬೋಗಿಯಲ್ಲಿ ಕಂಬಗಳ ಬುಡ ಕೈಯಲ್ಲಿ ಪುಡಿಯಾಗುತ್ತಿತ್ತು. ಒಂದು ಮೂಲೆಗೆ ಗೆದ್ದಲೂ ಬಂದಿತ್ತು. ಸಾಗುವಾನಿ ಗೆದ್ದಲು ತಿನ್ನಲ್ಲ ಅನ್ನುತ್ತಾರಲ್ಲ, ಒದ್ದೆಯಾಗಿ ಕೊಳೆತದ್ದನ್ನು ಆರಾಮಾಗಿ ತಿನ್ನುತ್ತದೆ.

ಬಡಗಿ ಕಂಬ ಪೂರ್ತಿ ಬದಲಿಸೋಣ ಅಂದ. ನಾವು ಕೊಳೆತ ಬುಡವನ್ನು ಮಾತ್ರ ಓರೆಯಾಗಿ ಕೊಯ್ದು, ಅಷ್ಟೇ ಓರೆಗೆ ಹೊಸ ತುಂಡು ಜೋಡಿಸಲು ಕೇಳಿದೆವು. ಕೆಲಸ ಜಾಸ್ತಿ, ಆದರೆ ಹಳೆ ಮರ ಮುಕ್ಕಾಲು ಪಾಲು ಹಾಗೇ ಉಳಿಯುತ್ತದೆ. ಮರ ಎಲ್ಲಿಂದ ಅಂದರೆ, ಪೇಟೆ ಕಡೆ ಹಳೆ ತೊಟ್ಟಿ ಮನೆಗಳನ್ನು ಒಡೆದು ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರಲ್ಲ, ಅಲ್ಲಿಂದ. ಅಷ್ಟು ಹಳೆಯ, ಅಷ್ಟು ಒಣಗಿದ ಸಾಗುವಾನಿ ಈಗ ಯಾವ ಸಾಮಿಲ್ಲಿನಲ್ಲೂ ಸಿಗಲ್ಲ. ಮರಕ್ಕೆ ಅಗಸೆ ಎಣ್ಣೆ ಕುಡಿಸಿದೆವು. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅವು ತಾವಾಗಿಯೇ ಬಿಸಿಯೇರಿ ಬೆಂಕಿ ಹತ್ತುತ್ತವೆ. ಬಿಡಿಸಿ ತಂತಿಯ ಮೇಲೆ ಒಣಹಾಕಿ, ಇಲ್ಲವೇ ನೀರಲ್ಲಿ ಮುಳುಗಿಸಿ. ಅಂಗಡಿಯಲ್ಲಿ ಅಗಸೆ ಎಣ್ಣೆ ಕೊಳ್ಳುವವರಿಗೆಲ್ಲ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಬೋಗಿಯ ಹಳೆ ಬಣ್ಣದಲ್ಲಿ ಸೀಸ ಇರುತ್ತದೆ ಅಂತ ಒಣ ಧೂಳು ಏಳದಂತೆ ನೀರು ಹಾಕಿಯೇ ಉಜ್ಜಿದೆವು, ಮಾಸ್ಕ್ ಕಟ್ಟಿಕೊಂಡು. ಬಾಗಿಲ ಪಕ್ಕದಲ್ಲಿ ಬಿಳಿ ಬಣ್ಣದ ಎರಡು ಗೀಟು ಇತ್ತು, ಸೆಕೆಂಡ್ ಕ್ಲಾಸಿನ ಗುರುತು. ಪಾಲಿಷ್ ಕಾಗದದಲ್ಲಿ ಮೆಲ್ಲಗೆ ಉಜ್ಜುತ್ತಾ ಹೋದಾಗ ಕೆಂಗಂದು ಬಣ್ಣದ ಒಂದು ಪದರ ಹೋಗಿ, ಅದರಡಿ ಮೂರನೇ ಗೀಟು ಎದ್ದು ಬಂತು. ಥರ್ಡ್ ಕ್ಲಾಸ್! 1974ರಲ್ಲಿ ಥರ್ಡ್ ಕ್ಲಾಸ್ ರದ್ದಾದಾಗ ಯಾವನೋ ಪೇಂಟರ್ ಒಂದು ಗೀಟಿನ ಮೇಲೆ ಬ್ರಷ್ ಎಳೆದು ಇಡೀ ಬೋಗಿಯ ಜನರನ್ನು ಒಂದು ಕ್ಲಾಸ್ ಮೇಲಕ್ಕೆ ಏರಿಸಿದ್ದಾನೆ. ಬೆಂಚು ಮಾತ್ರ ಅದೇ ಮರದ ಪಟ್ಟಿಯ ಬೆಂಚು. ಆ ಅಂಗೈ ಅಗಲದ ಜಾಗಕ್ಕೆ ನಾವು ಹೊಸ ಬಣ್ಣ ಹೊಡೆದಿಲ್ಲ. ಪದರ ಪದರವಾಗಿ ಕಾಣುವಂತೆ ಬಿಟ್ಟು, ಮೇಲೆ ವಾರ್ನಿಷ್ ಹಚ್ಚಿದ್ದೇವೆ. ನೋಡಲು ಬಂದವರಲ್ಲಿ ಅರ್ಧ ಜನ ಇಲ್ಲೊಂದು ಕಡೆ ಬಣ್ಣ ಬಿಟ್ಟುಹೋಗಿದೆ ನೋಡಿ ಅಂತ ತೋರಿಸುತ್ತಾರೆ.

ಈಗ ನಡೆಯುತ್ತಿರುವ ತಕರಾರು ಷೆಡ್ಡಿನದು. ಇಷ್ಟೆಲ್ಲಾ ಮಾಡಿದರೂ ಮೇಲೆ ಸೂರು ಇಲ್ಲದಿದ್ದರೆ ನಾಲ್ಕು ಮಳೆಗಾಲಕ್ಕೆ ಎಲ್ಲಾ ಮೊದಲಿನ ಹಾಗೇ. ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಹೋದವರು ಗಮನಿಸಿರುತ್ತೀರಿ. 1979ರಿಂದ ಇರುವ ಜಾಗ ಅದು. ಅಲ್ಲಿ ಮಹಾರಾಣಿಯ ಸಲೂನ್ ಬೋಗಿಯನ್ನು ಕಟ್ಟಡದ ಒಳಗೆ ಇಟ್ಟಿದ್ದಾರೆ, ಅದರ ಮರಗೆಲಸ ಈಗಲೂ ಹೇಗಿದೆ ನೋಡಿ. ನಮ್ಮ ಯಜಮಾನರ ಮಗನಿಗೆ ಮಾತ್ರ ಸೂರು ಬೇಡ. ಮದುವೆಗೆ ಮುಂಚಿನ ಫೋಟೋ ತೆಗೆಸಲು ಜೋಡಿಗಳು ಬರುತ್ತಾರಂತೆ, ಶೀಟಿನ ಕೆಳಗೆ ನಿಂತರೆ ಆಕಾಶ ಕಾಣಲ್ಲವಂತೆ. ಅದರಿಂದ ಬರುವ ದುಡ್ಡಿನಲ್ಲೇ ಗ್ರೀಸು, ಪ್ರೈಮರು ಬರುತ್ತಿರುವುದು ಅನ್ನುವುದೂ ಸುಳ್ಳಲ್ಲ. ಮೇಷ್ಟ್ರು ಅದಕ್ಕೊಂದು ದಾರಿ ಹುಡುಕಿದ್ದಾರೆ. ಪಕ್ಕಕ್ಕೆ ಗೋಡೆ ಇಲ್ಲದ ಷೆಡ್ಡು, ಮಾಡು ಎತ್ತರಕ್ಕೆ, ಫೋಟೋ ತೆಗೆಯುವ ಪೂರ್ವದ ಕಡೆ ಮಾಡು ಮೇಲಕ್ಕೆ ಎದ್ದಿರಬೇಕು, ಮಳೆ ಹೊಡೆಯುವ ಪಶ್ಚಿಮದ ಕಡೆ ತಗ್ಗಿರಬೇಕು. ಹುಡುಗರು ನಕ್ಷೆ ಬರೆದಿದ್ದಾರೆ. ಶೀಟು, ಪೈಪು, ಬೆಸುಗೆಯ ಖರ್ಚಿನ ಪಟ್ಟಿ ನನ್ನ ಅಂಗಡಿಯ ಮೇಜಿನ ಮೇಲಿದೆ. ನನ್ನ ಲಾಭ ಅದರಲ್ಲಿ ಸೇರಿಸಿಲ್ಲ, ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಜೂನ್ ಬರುವ ಮೊದಲು ಕಂಬ ನಿಲ್ಲಬೇಕು. ಬೆಸುಗೆ ಗೊತ್ತಿರುವವರು, ಇಲ್ಲವೇ ಸುಮ್ನೆ ಏಣಿ ಹಿಡಿಯುವವರು ಇದ್ದರೂ ಸರಿ, ನಮ್ಮ ಅಂಗಡಿಗೆ ಬಂದು ಹೇಳಿ. ಭಾನುವಾರ ಬೆಳಿಗ್ಗೆ ಬೆಣ್ಣೆ ದೋಸೆ ನನ್ನ ಖರ್ಚು.